ಚಿಪ್‌ನೊಳಗಿನ ವಠಾರ

ಸಹಕಾರನಗರಕ್ಕೆ ಅನತಿ ದೂರದ ಜಾಲಹಳ್ಳಿಯ ಬಿಇಎಲ್ ತಯಾರಿಸುವ ಮತಯಂತ್ರದ ಚಿಪ್ ಒಂಟಿ ಮನೆಯಿದ್ದಂತೆ. ಅಲ್ಲಿರುವುದು ಒಮ್ಮೆ ಬರೆದರೆ ಬದಲಿಸಲಾಗದ ಒಂದೇ ಪ್ರೋಗ್ರಾಂ, ಒಳಗೋಡೆ ಬೇಕಿಲ್ಲ.

ಇಂದಿನ ಹಲವು ಕಾರುಗಳ ಚಿಪ್ ವಠಾರ. ಒಂದೇ ಚಿಪ್ಪನ್ನು ಹಲವು ಗಣಕಗಳಂತೆ ಹಂಚುವ ಈ ಏರ್ಪಾಡೇ ವರ್ಚುವಲೀಕರಣ. ನೆರೆಯ ಪ್ರೋಗ್ರಾಂ ಬ್ರೇಕಿನ ಮೆಮೊರಿಗೆ ನುಗ್ಗಿದರೆ ಪ್ರಾಣಾಪಾಯ.

1962ರಲ್ಲೇ ಮ್ಯಾಂಚೆಸ್ಟರಿನ ಬೃಹತ್ ಅಟ್ಲಾಸ್ ಗಣಕದಲ್ಲಿ ಮೆಮೊರಿಗೆ ಕಾವಲಿತ್ತು. ಪುಟ್ಟ ಚಿಪ್‌ಗೆ ಅದು ದುಬಾರಿ. ಪ್ರತಿ ಕೋಣೆಯ ಗಡಿ ನೆನಪಿಡಲು ರಿಜಿಸ್ಟರುಗಳು, ಪ್ರತಿ ಪ್ರವೇಶವನ್ನೂ ಗಡಿಯೊಡನೆ ಹೋಲಿಸಲು ಸರ್ಕೀಟುಗಳು ಬೇಕು. ಕೋಣೆ ಹೆಚ್ಚಿದಷ್ಟೂ ಸಿಲಿಕಾನ್, ವಿದ್ಯುತ್ ಎರಡೂ ಹೆಚ್ಚು. ಹೀಗಾಗಿ 2004ರ ಆರ್ಮ್ ಕಾರ್ಟೆಕ್ಸ್-ಎಂ3ರಲ್ಲಿ ಎಂಟು ಕೋಣೆಗಳ ಕಾವಲು ಐಚ್ಛಿಕವಾಗಿತ್ತು. 2016ರ ಕಾರ್ಟೆಕ್ಸ್-ಆರ್52ರಲ್ಲಿ ಬಾಡಿಗೆದಾರರ ಕಾವಲಿನ ಮೇಲೆ ವಠಾರದ ಮಾಲೀಕನ ಕಾವಲೂ ಸೇರಿತು, ಖರ್ಚೂ ಏರಿತು.

ಬೇರೆ ಮನೆ ಕಟ್ಟುವ ಖರ್ಚು ಉಳಿಸಹೊರಟವರು ಗೋಡೆಯ ಖರ್ಚಿನಲ್ಲಿ ಜಿಪುಣತನ ತೋರಬಾರದು.