ಸಾಲೋಟಗಿಯ ಶಾಲೆಯೂ ಇರುಳು ಸರದಿಯ ಕಿರಿಯ ವೈದ್ಯನೂ

ಇಂಡಿ ತಾಲೂಕಿನ ಸಾಲೋಟಗಿಯ ಶಾಸನವು ವಾಚಕರಿಗೆ ಪರಿಚಿತವೇ ಸರಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ಕ್ರಿ.ಶ. 945ರಲ್ಲಿ ದತ್ತಿಗಳಾದುವು. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಉಪಾಧ್ಯಾಯನಿಗೆ 50 ನಿವರ್ತನ, ದೀಪಕ್ಕೆಂದೇ 12 ನಿವರ್ತನ ಭೂಮಿ. ಅದು ವೈದ್ಯಶಾಲೆಯೆಂಬುದು ನಮ್ಮ ವಾದವಲ್ಲ. ವಿದ್ಯಾರ್ಥಿಯ ಇರುಳಿಗೆ ಬೇಕಾದುದನ್ನು ದಾನಿಗಳು ಮೊದಲೇ ಎಣಿಸಿದ್ದರೆಂಬುದಷ್ಟೇ ಇಲ್ಲಿ ಗಮನಾರ್ಹ.

ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಠಿನ ರೋಗಿಗಳು ವಿಜಯಪುರದ ದೊಡ್ಡ ಆಸ್ಪತ್ರೆಗಳಿಗೆ ಬರುವರು. ಅಂಥ ಆಸ್ಪತ್ರೆಗಳಲ್ಲಿ ಹಗಲು ಒಂದು ಯೂನಿಟ್ಟಿನವರು ನೋಡಿದ ರೋಗಿಯನ್ನು ಇರುಳು ಬೇರೆ ಯೂನಿಟ್ಟಿನ ಕಿರಿಯ ವೈದ್ಯನು ನೋಡಬೇಕಾಗುವುದುಂಟು. ಚರಕಸಂಹಿತೆಯ ವಿಮಾನಸ್ಥಾನವು ಪ್ರಕೃತಿ, ಸಾತ್ಮ್ಯ, ಸತ್ತ್ವ ಮೊದಲಾಗಿ ರೋಗಿಯನ್ನು ಹತ್ತು ವಿಧವಾಗಿ ಪರೀಕ್ಷಿಸಬೇಕೆನ್ನುತ್ತದೆ. ಇವನಿಗೋ ಕೈಯಲ್ಲೊಂದು ಚೀಟಿ. ನಡುರಾತ್ರಿ ಮುದುಕನೊಬ್ಬನು ತೊದಲುತ್ತಾನೆ: ಬೆಳಿಗ್ಗೆಯೂ ಹೀಗೆಯೇ ಇದ್ದನೋ, ಈಗ ಹೊಸದೋ? ಹಗಲು ನೋಡಿದವನು ಒಂದು ನಿಮಿಷದಲ್ಲಿ ಹೇಳಬಲ್ಲನು, ಇವನು ಊಹಿಸಬೇಕು. ಅಷ್ಟರಲ್ಲಿ ಬೇರೊಂದು ವಾರ್ಡಿನಿಂದ ಕರೆ. ಯಾವುದು ಬೆಳಗಿನವರೆಗೆ ಕಾಯಬಹುದು, ಯಾವುದಕ್ಕೆ ಹಿರಿಯರನ್ನು ಎಬ್ಬಿಸಬೇಕು ಎಂಬ ನಿರ್ಣಯವೇ ಔಷಧಜ್ಞಾನಕ್ಕಿಂತ ಭಾರವಾದುದು.

ಪಾಠಶಾಲೆಯಲ್ಲಿ ಬೇರೆ ಗುರುಗಳ ಶಿಷ್ಯನಿಗೆ ನಡುವಿನಿಂದ ಪಾಠ ಹೇಳುವಾಗ ನಾವೇ ತಡವರಿಸಿದ್ದುಂಟು, ಅಲ್ಲಿ ಪ್ರಾಣಭಯವಿರಲಿಲ್ಲ.

ಶಾಸ್ತ್ರ, ಕರ್ಮಗಳಲ್ಲಿ ಒಂದನ್ನು ಮಾತ್ರ ಅರಿತ ವೈದ್ಯನನ್ನು ಸುಶ್ರುತನು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿದನು. ಅನ್ಯರು ಅರ್ಧಕ್ಕೆ ಬಿಟ್ಟ ಚಿಕಿತ್ಸೆಯನ್ನು ಎತ್ತಿಕೊಳ್ಳುವುದೂ ಕಲಿಯತಕ್ಕ ಕರ್ಮವೇ. ಅದನ್ನು ಶಿಷ್ಯನ ಎದೆಗಾರಿಕೆಗೆ ಬಿಡುವುದು ತರವಲ್ಲ. ಸಂಜೆ ಇಬ್ಬರೂ ಮಂಚದಿಂದ ಮಂಚಕ್ಕೆ ನಡೆದು ರೋಗಿಗಳನ್ನು ಒಪ್ಪಿಸಿಕೊಳ್ಳುವ ಹೊತ್ತನ್ನು, ಸಾಲೋಟಗಿಯಲ್ಲಿ ದೀಪಕ್ಕೆ ಭೂಮಿಯನ್ನು ತೆಗೆದಿಟ್ಟಂತೆ, ಮೊದಲೇ ತೆಗೆದಿಡಬೇಕು.