ವೃದ್ಧಾಶ್ರಮದ ಬಾಗಿಲಲ್ಲಿ ಎಚ್‌ಐವಿ: ಕರ್ನಾಟಕದ ಹಿರಿಯ ಸೋಂಕಿತರ ಆರೈಕೆ, ಕಾನೂನು ಮತ್ತು ಗೋಪ್ಯತೆ

ಸಾರಾಂಶ

ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯಿಂದಾಗಿ ಎಚ್‌ಐವಿ ಸೋಂಕಿತರು ಈಗ ಮುಪ್ಪಿನವರೆಗೂ ಬದುಕುತ್ತಿದ್ದಾರೆ. ನೋಡಿಕೊಳ್ಳುವವರಿಲ್ಲದ ಇಂಥ ಹಿರಿಯರಿಗೆ ಪ್ರತ್ಯೇಕ ಆಶ್ರಮ ಬೇಕೇ, ಎಲ್ಲರ ವೃದ್ಧಾಶ್ರಮವೇ ಸಾಕೇ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಸಾಮಾನ್ಯ ವೃದ್ಧಾಶ್ರಮವೊಂದು ಸ್ವಲ್ಪ ತರಬೇತಿಯಿಂದ ಇವರನ್ನು ಚೆನ್ನಾಗಿಯೇ ನೋಡಿಕೊಳ್ಳಬಲ್ಲದು; ದೊಡ್ಡ ತೊಡಕಿರುವುದು ಸೇರ್ಪಡೆಯ ನಿಯಮಗಳಲ್ಲಿ ಎಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ಎಚ್‌ಐವಿ, ಮುಪ್ಪು, ವೃದ್ಧಾಶ್ರಮ, ಎಆರ್‌ಟಿ, ಗೋಪ್ಯತೆ

1. ಪೀಠಿಕೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ ಎಂಬ ನೀತಿ 2017ರಲ್ಲಿ ಬಂತು. ಮೊದಲ ವರ್ಷಗಳಲ್ಲಿ, ನಲವತ್ತರ ವಯಸ್ಸಿನಲ್ಲಿ ಮಾತ್ರೆ ಶುರುಮಾಡಿದವರು ಈಗ ಅರವತ್ತರ ಹೊಸ್ತಿಲಲ್ಲಿದ್ದಾರೆ.

ಗಂಡನಿಂದ ಸೋಂಕು ತಗುಲಿ, ಅವನನ್ನೂ ಕಳೆದುಕೊಂಡು, ಅತ್ತೆಮನೆಯಿಂದ ಹೊರಬಿದ್ದ ಹೆಂಗಸರು ಇವರಲ್ಲಿದ್ದಾರೆ. ಮಕ್ಕಳಿಗೂ ಹೇಳದೆ, ಗುರುತಿನವರು ಸಿಗದ ಬೇರೆ ಊರಿನ ಎಆರ್‌ಟಿ ಕೇಂದ್ರದಿಂದ ಮಾತ್ರೆ ತರುವವರೂ ಇದ್ದಾರೆ. ಮೈಯಲ್ಲಿ ಕಸುವಿರುವವರೆಗೆ ಇದು ಹೇಗೋ ನಡೆಯುತ್ತದೆ. ಬಿದ್ದು ಸೊಂಟ ಮುರಿದಾಗ, ಮರೆವು ಹೆಚ್ಚಿ ಮಾತ್ರೆ ತಪ್ಪತೊಡಗಿದಾಗ ಅವರನ್ನು ನೋಡಿಕೊಳ್ಳುವವರು ಯಾರು ಎಂಬುದೇ ಈ ಅಧ್ಯಯನದ ಪ್ರಶ್ನೆ.

2. ಎರಡು ವ್ಯವಸ್ಥೆಗಳ ನಡುವಿನ ಕಂದಕ

1990ರ ದಶಕದ ಕೊನೆಯಲ್ಲಿ ಹುಟ್ಟಿದ ಬೆಂಗಳೂರಿನ ಸ್ನೇಹದಾನ, ಮೈಸೂರಿನ ಆಶಾಕಿರಣದಂಥ ಸಂಸ್ಥೆಗಳು ಸೋಂಕಿತರಿಗೆ ಹಾಸಿಗೆ ಕೊಟ್ಟು ಆರೈಕೆ ಮಾಡಿದವು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ಸಮುದಾಯ ಆರೈಕೆ ಕೇಂದ್ರಗಳು ಕೆಲವು ದಿನಗಳ ಒಳರೋಗಿ ಸೇವೆ ಒದಗಿಸುತ್ತಿದ್ದವು. 2013ರಿಂದ ‘ವಿಹಾನ್’ ಯೋಜನೆಯಡಿ ಅವುಗಳ ಜಾಗಕ್ಕೆ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಇವು ಆಪ್ತಸಮಾಲೋಚನೆ ಮಾಡುತ್ತವೆ, ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಮರಳಿ ಕರೆತರುತ್ತವೆ. ಹಾಸಿಗೆಗಳು ಮಾತ್ರ ಇಲ್ಲ. ಚಿಕಿತ್ಸೆಯಿಂದ ಚೇತರಿಸಿಕೊಂಡು ದುಡಿಮೆಗೆ ಮರಳುತ್ತಿದ್ದವರಿಗೆ ಈ ಏರ್ಪಾಡು ಹೊಂದುತ್ತಿತ್ತು. ಅವರೇ ಮುಂದೊಮ್ಮೆ ಮುದುಕರಾಗುತ್ತಾರೆ ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಇನ್ನೊಂದು ಕಡೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗಾಗುವಷ್ಟು ದೊಡ್ಡ ವೃದ್ಧಾಶ್ರಮಗಳ ಕಲ್ಪನೆ ಕೊಟ್ಟಿತು. ಅದರ ಪ್ರಕಾರ ಹಿರಿಯರೆಂದರೆ 60 ತುಂಬಿದವರು. ಎಚ್‌ಐವಿ ಅಧ್ಯಯನಗಳಲ್ಲಿ ಈ ಗಡಿ ಸಾಮಾನ್ಯವಾಗಿ 50. ಏಕೆಂದರೆ ಸೋಂಕಿತರಲ್ಲಿ ಹೃದ್ರೋಗ, ಮೂಳೆ ಸವೆತ, ಮೂತ್ರಪಿಂಡದ ತೊಂದರೆಗಳು ಹೆಚ್ಚು, ಹಲವರಲ್ಲಿ ಬೇಗವೂ ಕಾಣಿಸಿಕೊಳ್ಳುತ್ತವೆ. ಐವತ್ತೈದರಲ್ಲೇ ಹಾಸಿಗೆ ಹಿಡಿದ ಒಬ್ಬಂಟಿ ಹೆಂಗಸು ಈ ಎರಡೂ ವ್ಯವಸ್ಥೆಗಳ ಲೆಕ್ಕಕ್ಕೆ ಸಿಗುವುದಿಲ್ಲ.

3. ಆರೈಕೆಯ ನಿಜವಾದ ಅಗತ್ಯಗಳು

ಸ್ನಾನ ಮಾಡಿಸುವುದರಿಂದ, ಉಣಿಸುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ ಎಚ್‌ಐವಿ ಹರಡದು. ರಕ್ತ ಮುಟ್ಟುವ ಕೆಲಸದಲ್ಲಿ ಕೈಗವಸು ಧರಿಸುವುದು, ಸೂಜಿಯನ್ನು ಸರಿಯಾಗಿ ವಿಲೇವಾರಿ ಮಾಡುವುದು ಯಾವ ನಿವಾಸಿಯ ವಿಷಯದಲ್ಲಾದರೂ ಪಾಲಿಸಬೇಕಾದ ಮುನ್ನೆಚ್ಚರಿಕೆ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗಲೂ ಸೋಂಕು ತಗುಲುವ ಸಾಧ್ಯತೆ ಸರಾಸರಿ ಶೇ 0.3. ಅದನ್ನೂ ತಡೆಯಲು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಔಷಧಿಯಿದೆ.

ಹೆಚ್ಚು ಗಮನ ಬೇಡುವುದು ಮಾತ್ರೆಗಳ ಹೊಂದಾಣಿಕೆ. ಈಗ ಬಹುತೇಕರು ಸೇವಿಸುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆ. ಡೊಲುಟೆಗ್ರಾವಿರ್ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಆದ್ದರಿಂದ ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂಗೆ ಮಿತಿಗೊಳಿಸುತ್ತಾರೆ. ಹೊಟ್ಟೆಯುರಿಗೆ ಕೊಡುವ ಆಂಟಾಸಿಡ್ ಜೊತೆಗೇ ಹೋದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಡೊಲುಟೆಗ್ರಾವಿರ್ ಅನ್ನು ಆಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಕೊಡುವ ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೂ ಇದೇ ಅಂತರ ಬೇಕು. ಮಂಡಿನೋವಿಗೆಂದು ಕೊಡುವ ಡೈಕ್ಲೋಫೆನಾಕ್, ಟೆನೊಫೊವಿರ್ ಸೇವಿಸುವವರ ಮೂತ್ರಪಿಂಡಕ್ಕೆ ಅಪಾಯ ತರಬಹುದು. ಆರಂಭದ ವರ್ಷಗಳಲ್ಲಿ ಸ್ಟಾವುಡಿನ್ ನುಂಗಿದವರಲ್ಲಿ ಪಾದದ ಜೋಮು ಉಳಿದಿರಬಹುದು. ಅಂಥವರು ಒದ್ದೆ ನೆಲದಲ್ಲಿ ಜಾರಿ ಬೀಳುವ ಸಂಭವ ಹೆಚ್ಚು.

ಭಾರತವೂ ಸೇರಿ 12 ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ರಿಪ್ರೀವ್’ ಅಧ್ಯಯನದಲ್ಲಿ, ಪಿಟಾವಾಸ್ಟಾಟಿನ್ ಮಾತ್ರೆಯು ಸೋಂಕಿತರಲ್ಲಿ ಹೃದಯಾಘಾತದಂಥ ಪ್ರಮುಖ ಘಟನೆಗಳನ್ನು ಶೇ 35ರಷ್ಟು ತಗ್ಗಿಸಿತು. ಇವರ ಮುಪ್ಪನ್ನು ಹಗುರ ಮಾಡುವ ಸಾಧನಗಳು ನಮ್ಮ ಕೈಯಲ್ಲಿವೆ.

4. ಕಾನೂನು ಮತ್ತು ಗೋಪ್ಯತೆ

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017ರ 3ನೇ ಪ್ರಕರಣವು, ವ್ಯಕ್ತಿಗಳನ್ನು ತನ್ನ ಆರೈಕೆಯಲ್ಲಿಟ್ಟುಕೊಳ್ಳುವ ಸರ್ಕಾರಿ ಅಥವಾ ಖಾಸಗಿ ಸಂಸ್ಥೆಯು ಸೋಂಕಿನ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನೂ ಹೊರಹಾಕುವುದನ್ನೂ ನಿಷೇಧಿಸುತ್ತದೆ. ವೃದ್ಧಾಶ್ರಮ ಈ ವಿವರಣೆಗೆ ನೇರವಾಗಿ ಹೊಂದುತ್ತದೆ. ಹಾಗಾಗಿ ಸೇರ್ಪಡೆಯ ಅರ್ಜಿಯಲ್ಲಿ ಕೇಳುವ ‘ಸಾಂಕ್ರಾಮಿಕ ರೋಗವಿಲ್ಲ’ ಎಂಬ ಪ್ರಮಾಣಪತ್ರವನ್ನು ಎಚ್‌ಐವಿಗೂ ಅನ್ವಯಿಸಿದರೆ ಅದು ಕಾನೂನಿಗೆ ವಿರುದ್ಧ. ದೂರು ಬಂದರೆ ಈ ಕಾಯ್ದೆಯಡಿಯ ಒಂಬುಡ್ಸ್‌ಮನ್ 30 ದಿನಗಳಲ್ಲಿ ಆದೇಶ ನೀಡಬೇಕು.

ಗೋಪ್ಯತೆ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಆಶ್ರಮದಲ್ಲಿ ಮಾತ್ರೆಗಳು ಕಚೇರಿಯ ಕಪಾಟಿನಲ್ಲಿರುತ್ತವೆ, ಡಬ್ಬಿಯ ಹೆಸರು ಎಲ್ಲರ ಕಣ್ಣಿಗೆ ಬೀಳುತ್ತದೆ. ಚಿಕಿತ್ಸೆಗೆ ಅಗತ್ಯವಿದ್ದಾಗ, ಆರೈಕೆಯಲ್ಲಿ ತೊಡಗಿದ ಆರೋಗ್ಯ ಸಿಬ್ಬಂದಿಗೆ ತಿಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಔಷಧಿ ಕೊಡುವ ನರ್ಸ್‌ಗೆ ತಿಳಿದಿರಬೇಕು. ಅಡುಗೆಯವರಿಗೆ, ಪಕ್ಕದ ಮಂಚದವರಿಗೆ ತಿಳಿಯಬೇಕಾಗಿಲ್ಲ. ಎಲ್ಲ ನಿವಾಸಿಗಳ ಮಾತ್ರೆಗಳನ್ನೂ ಒಂದೇ ಬಗೆಯ ಡಬ್ಬಿಗೆ ಹಾಕಿ, ಹೆಸರು ಮತ್ತು ಹೊತ್ತು ಮಾತ್ರ ಬರೆದರೆ ಅರ್ಧ ಸಮಸ್ಯೆ ಕರಗುತ್ತದೆ.

5. ಚರ್ಚೆ

ಪ್ರತ್ಯೇಕ ಆಶ್ರಮದ ಪರ ವಾದದಲ್ಲಿ ಹುರುಳಿದೆ. ಬಚ್ಚಿಟ್ಟು ಬದುಕಿದವರಿಗೆ ತಮ್ಮಂಥವರ ನಡುವೆ ನೆಮ್ಮದಿ ಸಿಗಬಹುದು. ಬಯಸಿದವರಿಗೆ ಆ ಆಯ್ಕೆ ಉಳಿಯಲಿ. ಆದರೆ ಅದೇ ಏಕೈಕ ದಾರಿಯಾದರೆ, ನೋಡಲು ಬಂದ ಮಗಳಿಗೂ ಪತ್ರ ತಂದ ಅಂಚೆಯವನಿಗೂ ಆಶ್ರಮದ ವಿಳಾಸವೇ ರೋಗದ ಹೆಸರು ಹೇಳುತ್ತದೆ. ಗೋಪ್ಯತೆಯ ಹಕ್ಕು ಅಲ್ಲಿಗೆ ಮುಗಿಯಿತು.

6. ಸಮಾರೋಪ

ಮೂರು ಕ್ರಮಗಳು ತುರ್ತಾಗಿ ಆಗಬೇಕು. ಸರ್ಕಾರಿ ಅನುದಾನ ಪಡೆಯುವ ಪ್ರತಿ ವೃದ್ಧಾಶ್ರಮದ ಪ್ರವೇಶ ನಿಯಮಗಳನ್ನು 2017ರ ಕಾಯ್ದೆಗೆ ಅನುಗುಣವಾಗಿ ತಿದ್ದಬೇಕು. ಸೋಂಕಿತರಿಗೆ ವಯಸ್ಸಿನ ಮಿತಿಯನ್ನು 50ಕ್ಕೆ ಸಡಿಲಿಸಬೇಕು. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯು ಹಿರಿಯ ನಾಗರಿಕರ ಇಲಾಖೆಯೊಡನೆ ಸೇರಿ ಆಶ್ರಮಗಳ ನರ್ಸ್‌ಗಳಿಗೂ ಆಯಾಗಳಿಗೂ ತರಬೇತಿ ಕೊಟ್ಟು, ಪ್ರತಿ ಆಶ್ರಮಕ್ಕೂ ಹತ್ತಿರದ ಎಆರ್‌ಟಿ ಕೇಂದ್ರವನ್ನು ಜೋಡಿಸಬೇಕು. ಉಚಿತ ಮಾತ್ರೆ ಕೊಟ್ಟು ಈ ಜನರನ್ನು ಉಳಿಸಿಕೊಂಡ ರಾಜ್ಯಕ್ಕೆ ಅವರ ಮುಪ್ಪಿನ ಹೊಣೆಯೂ ಸೇರಿದ್ದು.