ಪಾಲಿಸಿಯ ಮೇಲಿನ ಹೆಸರು

ತಂದೆ ತೀರಿಕೊಂಡ ಮೇಲೆ ಬೀರುವಿನಿಂದ ಹೊರಬರುವ ಕಾಗದಗಳಲ್ಲಿ ಜೀವವಿಮೆಯ ಪಾಲಿಸಿಯೂ ಒಂದು. ಎಷ್ಟೋ ಮನೆಗಳಲ್ಲಿ ಅದರ ಮೇಲೆ ನಾಮಿನಿಯೆಂದು ಹಿರಿಯ ಮಗನೊಬ್ಬನ ಹೆಸರೇ ಇರುತ್ತದೆ. ಹೆಸರಿದ್ದವನದೇ ಹಣವೆಂಬುದು ಲೋಕರೂಢಿ. ಹೆಣ್ಣುಮಕ್ಕಳು ನೋಡಿ ಸುಮ್ಮನಾಗುತ್ತಾರೆ.

ನಮ್ಮ ಹಳೆಯ ಧರ್ಮಶಾಸ್ತ್ರವಾದರೋ ಬೇರೆ ಮಾತನ್ನೇ ಹೇಳಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಒಡೆಯನೊಡನೆ ಇರುವ ಸಂಬಂಧವೊಂದರಿಂದಲೇ ಮತ್ತೊಬ್ಬರಿಗೆ ಸ್ವಂತವಾಗುವ ಧನವೇ 'ದಾಯ'ವೆಂಬುದು ಅವನ ವಿವರಣೆ. ಬರೆದ ಹೆಸರಲ್ಲ, ಸಂಬಂಧ. ಆದರೆ ಆ ಸಂಬಂಧದ ಲೆಕ್ಕದಲ್ಲಿ ಸೋದರಿಯು ಸೋದರನಿಗೆ ಸಮಳಾಗಲಿಲ್ಲ. ಮದುವೆಯಾಗದವಳಿಗೆ ಕಾಲುಪಾಲು ಸಲ್ಲಬೇಕೆಂದು ಆತ ವಾದಿಸಿದ್ದುಂಟು. ಬರಬರುತ್ತ ಅದೂ ಮದುವೆಯ ಖರ್ಚಿನಷ್ಟಕ್ಕೆ ಇಳಿಯಿತು! ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗ, ಮಗಳು, ವಿಧವೆ, ತಾಯಿ ಇವರೆಲ್ಲರಿಗೂ ಸಮಪಾಲೆಂದು ವಿಧಿಸಿದ್ದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ.

ಈ ನಡುವೆ 1938ರ ವಿಮಾ ಅಧಿನಿಯಮವು ತನ್ನ 39ನೆಯ ಕಲಮಿನಲ್ಲಿ ನಾಮಿನಿಯನ್ನು ತಂದು ನಿಲ್ಲಿಸಿತ್ತು. ಅವನು ಹಣದ ಒಡೆಯನೋ, ಪಡೆದು ಹಂಚುವ ಕೈಯೋ? ಹೈಕೋರ್ಟುಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಹೆಂಡತಿ ನಾಮಿನಿಯಾಗಿದ್ದು, ಮೃತನ ತಾಯಿ ಮತ್ತು ಮಗ ಪಾಲು ಕೇಳಿದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1983ರ ಡಿಸೆಂಬರಿನಲ್ಲಿ ತೀರ್ಪಿತ್ತಿತು: ನಾಮಿನಿ ಬರಿಯ ಕೈ, ಹಣ ವಾರಸುದಾರರದು. (1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಅಧಿನಿಯಮದಂತೆ ಹೆಂಡತಿ ಮಕ್ಕಳಿಗೆಂದೇ ಮಾಡಿಸಿದ ಪಾಲಿಸಿಯ ಮಾತು ಬೇರೆ, ಅದು ಅವರಿಗಾಗಿ ಇರಿಸಿದ ನ್ಯಾಸ.)

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆವು. 2015ರ ತಿದ್ದುಪಡಿಯು ತಂದೆ ತಾಯಿ, ಪತಿ ಅಥವಾ ಪತ್ನಿ, ಮಕ್ಕಳು ಇವರಲ್ಲಿ ಯಾರ ಹೆಸರು ಬರೆದಿದ್ದರೂ ಹಣವನ್ನು ಅನುಭವಿಸುವ ಹಕ್ಕು ಅವರದೇ ಎಂದಿತು. ಹಾಗಾದರೆ ಅಣ್ಣನೊಬ್ಬನ ಹೆಸರಿದ್ದ ಕಡೆ ತಂಗಿಯ ಗತಿಯೇನು? ಅವಸರದಲ್ಲಿ ತುಂಬಿದ ಅರ್ಜಿಯೊಂದು ಉಯಿಲಿನ ಸ್ಥಾನಕ್ಕೇರುವುದು ನನಗಂತೂ ಸರಿದೋರದು. ಸಾಕ್ಷಿಗಳಿಬ್ಬರು ರುಜು ಹಾಕಬೇಕಾದ ಉಯಿಲಿನ ಗಾಂಭೀರ್ಯ ಅದಕ್ಕೆಲ್ಲಿಯದು?

2025ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ, ಮದುವೆಗೆ ಮೊದಲು ತಾಯಿಯ ಹೆಸರು ಬರೆದಿದ್ದವನು ಅದನ್ನು ಬದಲಿಸದೆಯೇ ತೀರಿಕೊಂಡಿದ್ದನು. ವಾರಸುದಾರರು ಕೇಳಿದರೆ ನಾಮಿನಿಯ ಹಕ್ಕು ಅವರ ಹಕ್ಕಿಗೆ ಒಳಪಟ್ಟದ್ದೆಂದು ಹೇಳಿದ ನ್ಯಾಯಾಲಯ, ತಾಯಿ, ಪತ್ನಿ, ಮಗುವಿಗೆ ಮೂರು ಸಮಪಾಲು ಮಾಡಿತು. ಅದೇ ತರ್ಕ ತಂಗಿಗೂ ಸಲ್ಲುತ್ತದೆ. ಆದರೆ ವಿಮೆಯ ಸಂಸ್ಥೆ ನಾಮಿನಿಗೆ ಹಣ ಸಲ್ಲಿಸಿ ಋಣಮುಕ್ತವಾಗಿರುತ್ತದೆ. ಆಮೇಲೆ ಅವಳು ಕೇಳಬೇಕಾದುದು ಸಂಸ್ಥೆಯನ್ನಲ್ಲ, ಅಣ್ಣನನ್ನು.